ಸ್ಟ್ಯಾನ್ಲಿ ಸಮರ್ಥರ ದೇವಕೇಂದ್ರಿತ ಕ್ರಿಸ್ತಚಿಂತನೆ

ಸ್ಟ್ಯಾನ್ಲಿ ಜೆ. ಸಮರ್ಥ (1920–2001) ಕಾರ್ಕಳದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಸಭೆಯಲ್ಲಿ ಬೆಳೆದ ದೇವಶಾಸ್ತ್ರಜ್ಞರು. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್ನಿನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಪರಂಪರೆಗಳೆರಡೂ ಬೆರೆತಿದ್ದವು. ಹಾಗಾಗಿ ಸಮರ್ಥರನ್ನು ಅಪ್ಪಟ ಲೂಥರನ್ ಎನ್ನಲಾಗದು. ಆದರೂ ರಕ್ಷಣೆ ಕ್ರಿಸ್ತನೊಬ್ಬನಿಂದಲೇ ಎಂಬ ಲೂಥರನ ಪಟ್ಟು ಅವರಿಗೆ ಬಳುವಳಿಯಾಗಿ ಬಂದಿತ್ತು. ಅವರ ಮುಖ್ಯ ತಕರಾರೂ ಅದರೊಂದಿಗೇ.

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಓದಿದ ಸಮರ್ಥರು, ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಜರ್ಮನ್ ಲೂಥರನ್ ಚಿಂತಕ ಪಾಲ್ ಟಿಲಿಕ್ ಅವರ ಶಿಷ್ಯರಾದರು. ಮಂಗಳೂರು, ಬೆಂಗಳೂರು, ಸೆರಾಂಪುರಗಳಲ್ಲಿ ಕಲಿಸಿದ ಬಳಿಕ ಜಿನೀವಾದ ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಅಂತರ್ಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಕೆಲಸ ಸಲೀಸಾಗಿರಲಿಲ್ಲ. ಒಕ್ಕೂಟದ 1975ರ ನೈರೋಬಿ ಮಹಾಸಭೆಯಲ್ಲಿ, ಸಂವಾದವೆಂದರೆ ಧರ್ಮಗಳ ಕಲಬೆರಕೆ ಎಂದು ಯುರೋಪಿನ ಹಲವರು ತಿರುಗಿಬಿದ್ದರು. ಆ ವಿಭಾಗದ ಮಾರ್ಗಸೂಚಿಗಳು ಹೊರಬಂದದ್ದು 1979ರಲ್ಲಿ.

‘ದಿ ಹಿಂದೂ ರೆಸ್ಪಾನ್ಸ್ ಟು ದಿ ಅನ್‌ಬೌಂಡ್ ಕ್ರೈಸ್ಟ್’ (1974) ಕೃತಿಯಲ್ಲಿ ಅವರು ರಾಮಮೋಹನ ರಾಯ್, ವಿವೇಕಾನಂದ, ಗಾಂಧಿ, ರಾಧಾಕೃಷ್ಣನ್ ಮೊದಲಾದವರು ಕ್ರಿಸ್ತನನ್ನು ಕಂಡ ಬಗೆಯನ್ನು ಪರಿಶೀಲಿಸಿದರು. ಕ್ರಿಸ್ತ ಚರ್ಚಿನ ಕಟ್ಟಿಗೆ ಒಳಪಟ್ಟವನಲ್ಲ ಎಂಬುದು ಅದರ ವಾದ. ಅದ್ವೈತದ ಏಕತಾದೃಷ್ಟಿಯನ್ನು ಒಪ್ಪಿಕೊಂಡರೂ, ಇತಿಹಾಸ ಮತ್ತು ಸಮಾಜದ ಬಗ್ಗೆ ಅದಕ್ಕಿರುವ ಉದಾಸೀನವನ್ನು ಅವರು ಒಪ್ಪಲಿಲ್ಲ. ‘ಒನ್ ಕ್ರೈಸ್ಟ್, ಮೆನಿ ರಿಲಿಜನ್ಸ್’ (1991) ಇನ್ನೂ ಮುಂದೆ ಹೋಗುತ್ತದೆ: ಪರಮಸತ್ಯ ಯಾವ ಧರ್ಮದ ಹಿಡಿತಕ್ಕೂ ಸಿಗದ ನಿಗೂಢ, ಕ್ರೈಸ್ತರಿಗೆ ಯೇಸುವೇ ಪ್ರಮಾಣ, ಆದರೆ ಆ ಪ್ರಮಾಣವನ್ನು ಇತರರ ಮೇಲೆ ಹೇರುವಂತಿಲ್ಲ. ಕ್ರಿಸ್ತನ ಬದಲು ದೇವರನ್ನೇ ಕೇಂದ್ರದಲ್ಲಿಡುವ ಈ ನಿಲುವೇ ದೇವಕೇಂದ್ರಿತ ಕ್ರಿಸ್ತಚಿಂತನೆ. ಕ್ರಿಸ್ತನ ದೈವತ್ವದಿಂದ ಹೊರಟು ಮೇಲಿನಿಂದ ಇಳಿಯುವ ಕ್ರಿಸ್ತಶಾಸ್ತ್ರವನ್ನು ಅವರು ಸದ್ದು ಮಾಡಿ ಧೂಳೆಬ್ಬಿಸುವ ಹೆಲಿಕಾಪ್ಟರಿಗೂ, ತಮ್ಮದನ್ನು ಏಷ್ಯಾದ ಮಣ್ಣುಹಾದಿ ಬಿಡದ ಎತ್ತಿನಗಾಡಿಗೂ ಹೋಲಿಸಿದರು.

ಆದರೆ ಗಾಡಿ ಎಲ್ಲ ಹಾದಿಗಳನ್ನೂ ತುಳಿಯಲಿಲ್ಲ. ಬಸದಿಗಳ, ದೈವಾರಾಧನೆಯ ಕಾರ್ಕಳದಲ್ಲಿ ಹುಟ್ಟಿದವರು 1974ರ ಕೃತಿಯಲ್ಲಿ ಎದುರುಗೊಂಡದ್ದು ವಿದ್ಯಾವಂತರ ವೇದಾಂತವನ್ನು ಮಾತ್ರ. 1980ರ ದಶಕದಲ್ಲಿ ಅರವಿಂದ ನಿರ್ಮಲ್ ಮತ್ತಿತರ ದಲಿತ ದೇವಶಾಸ್ತ್ರಜ್ಞರು, ಮೇಲ್ಜಾತಿಯ ತತ್ವಶಾಸ್ತ್ರವನ್ನೇ ಭಾರತೀಯತೆಯೆಂದು ಬಗೆದ ಕ್ರೈಸ್ತಚಿಂತನೆಯನ್ನು ಪ್ರಶ್ನಿಸಿದರು. ಸಮರ್ಥರ ಈ ಕೃತಿಗೂ ಆ ಆಕ್ಷೇಪ ಸಲ್ಲುತ್ತದೆ.