ಪೇಟ, ಹೆಲ್ಮೆಟ್ ಮತ್ತು ವಿನಾಯಿತಿಯ ಬೆಲೆ

ಪೇಟ ಧರಿಸಿದ ಸಿಖ್ ಬೈಕ್ ಸವಾರರಿಗೆ ಬ್ರಿಟನ್ 1976ರಲ್ಲಿ ಹೆಲ್ಮೆಟ್‌ನಿಂದ ವಿನಾಯಿತಿ ಕೊಟ್ಟಿತು. 1989ರಲ್ಲಿ ಕಟ್ಟಡ ಕಾರ್ಮಿಕರಿಗೂ ಕೊಟ್ಟಿತು. ಉದಾರವೆನಿಸುವ ಈ ಎರಡನೆಯ ಕಾಯ್ದೆಯಲ್ಲೊಂದು ಕೊಕ್ಕೆಯಿದೆ: ಹೆಲ್ಮೆಟ್ ಇದ್ದಿದ್ದರೂ ಆಗುತ್ತಿದ್ದಷ್ಟು ಗಾಯಕ್ಕೆ ಮಾತ್ರ ಪರಿಹಾರ. ಉಳಿದದ್ದು ಕಾರ್ಮಿಕನ ಹಣೆಬರಹ. ವಿನಾಯಿತಿಗೆ ಶಾಯಿ ಸಾಕು, ನಂಬಿಕೆಗೂ ಸುರಕ್ಷತೆಗೂ ಹೊಂದುವ ವಿನ್ಯಾಸಕ್ಕೆ ತಲೆ ಓಡಿಸಬೇಕು. ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರದು; ಕೋವಿಡ್ ಕಾಲದಲ್ಲಿ ಸಿಖ್ ವೈದ್ಯರು ಗಡ್ಡವನ್ನು ಅಗಲವಾದ ರಬ್ಬರ್ ಪಟ್ಟಿಯಿಂದ ಮುಚ್ಚಿ, ನೆತ್ತಿಯ ಮೇಲೆ ಗಂಟು ಹಾಕಿ, ಅದರ ಮೇಲೆ ಮಾಸ್ಕ್ ಬಿಗಿದರು, ಕತ್ತರಿ ಬೇಕಾಗಲಿಲ್ಲ.

ಹಾಗೆಂದು ವಿನ್ಯಾಸವೇ ಎಲ್ಲಕ್ಕೂ ಮದ್ದಲ್ಲ. ಸಿಖ್ ಯೋಧರ ಜುಟ್ಟಿಗೆ ಹೊಂದುವಂತೆ ರೂಪಿಸಿದ ಹೆಲ್ಮೆಟ್ ಕೊಳ್ಳಲು ಭಾರತೀಯ ಸೇನೆ 2023ರಲ್ಲಿ ಹೊರಟಾಗ ಗುರುದ್ವಾರಗಳನ್ನು ನೋಡಿಕೊಳ್ಳುವ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಯೇ ವಿರೋಧಿಸಿತು: ಪೇಟವೆಂದರೆ ಬರೀ ಕೂದಲ ಹೊದಿಕೆಯಲ್ಲ, ಅಸ್ಮಿತೆ. ಮಹಾಯುದ್ಧಗಳಲ್ಲಿ ಪೇಟದಲ್ಲೇ ಕಾದಾಡಿದ ಸಮುದಾಯದ ಈ ಆಕ್ಷೇಪ ಹಗುರವಲ್ಲ. ಆದರೂ ಜುಟ್ಟಿಗೆ ಹೊಂದುವ ಹೆಲ್ಮೆಟ್ ಉಗ್ರಾಣದಲ್ಲಿದ್ದರೆ ತಾನೇ ಅದನ್ನು ಬೇಡವೆನ್ನುವ ಹಕ್ಕೂ ಯೋಧನದಾಗುವುದು?