ಬುಧವಾರದ ಗೊಣಗಾಟ: ಸೆಪ್ಟೆಂಬರ್ 30, ಬಳ್ಳಾರಿ ಮಲಗಿದ್ದು ಮದ್ರಾಸಿನಲ್ಲಿ, ಎದ್ದಿದ್ದು ಮೈಸೂರಿನಲ್ಲಿ

ಸೋಮವಾರದ ಹುರುಪು ಮುಗಿದೈತೆ, ಶನಿವಾರ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಗೊಣಗೋಕೆ ಇದಕ್ಕಿಂತ ಒಳ್ಳೆ ದಿನ ಎಲ್ಲೈತೆ ಹೇಳ್ರಿ.

ಈ ವಾರದ ಕಿರಿಕಿರಿ: ಆನ್‌ಲೈನ್ ಅರ್ಜಿಯಲ್ಲಿ ವಿಳಾಸ ತುಂಬೋದು. ಒಂದು ದಾಖಲೆಯಲ್ಲಿ ನಮ್ಮ ಊರು ‘ಬಳ್ಳಾರಿ’, ಇನ್ನೊಂದರಲ್ಲಿ ‘ಬೆಲ್ಲರಿ’. ಇಂಗ್ಲಿಷ್ ಸ್ಪೆಲ್ಲಿಂಗ್ ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಆದರೆ ಆ ಸುದ್ದಿ ಎಲ್ಲಾ ಕಂಪ್ಯೂಟರ್‌ಗಳಿಗೂ ಮುಟ್ಟಿದಂಗಿಲ್ಲ. ಎರಡು ಹೆಸರು ಹೊಂದಾಣಿಕೆ ಆಗ್ತಿಲ್ಲ ಅಂತ ಅರ್ಜಿ ವಾಪಸ್. ಕುರುಗೋಡಿನ ಗೆಳೆಯನದು ಇನ್ನೊಂದು ಕಥೆ. ತಾಲೂಕು ಆಗಿ ವರ್ಷಗಳೇ ಆದರೂ ಪಟ್ಟಿ ಒತ್ತಿದರೆ ಅವನ ತಾಲೂಕೇ ಇಲ್ಲ. ಸಿರುಗುಪ್ಪ ಕಡೆ ಗಡಿ ಹಳ್ಳಿಗೆ ಹೋದರಂತೂ ಫೋನು ಆಂಧ್ರದ ಟವರ್ ಹಿಡಿದು ‘ಸ್ವಾಗತ’ ಅಂತೈತೆ. ಮನುಷ್ಯ ಕರ್ನಾಟಕದಾಗ, ಜೇಬಿನೊಳಗಿನ ಫೋನು ಆಂಧ್ರದಾಗ!

ನಗ್ರಿ, ನಗ್ರಿ. ಆದರೆ ನಾವು ಯಾವ ರಾಜ್ಯದವರು ಅನ್ನೋ ಪ್ರಶ್ನೆಗೆ ಇದೇ ಊರಿನಲ್ಲಿ ಒಂದು ಜೀವ ಹೋಗಿದೆ. ಅದು 1953ರ ಸೆಪ್ಟೆಂಬರ್ 30ರ ರಾತ್ರಿ. ಕ್ಯಾಲೆಂಡರ್ ತೆಗೆದು ನೋಡಿದೆ, ಅವತ್ತೂ ಬುಧವಾರ.

ಸ್ವಲ್ಪ ಹಿಂದಕ್ಕೆ ಹೋಗೋಣ. 1800ರಲ್ಲಿ ಹೈದರಾಬಾದ್ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಕಂಪನಿ ಸೈನ್ಯದ ಖರ್ಚಿನ ಬಾಬ್ತಿಗೆ ಕೊಟ್ಟ ಜಮೀನು ಅಂದ್ಕೊಳ್ರಿ. ‘ದತ್ತ ಮಂಡಲ’ ಅನ್ನೋ ಹೆಸರು ಬಂದದ್ದು ಹಾಗೆ. ಬಿ.ಕಾಂ ಓದಿದ ನನಗೆ ಇದು ಇತಿಹಾಸಕ್ಕಿಂತ ಹೆಚ್ಚಾಗಿ ಖಾತೆ ವರ್ಗಾವಣೆ ಥರ ಕಾಣುತ್ತೆ. ಅಲ್ಲಿಂದ ನೂರೈವತ್ತು ವರ್ಷ ನಾವು ಮದ್ರಾಸಿನವರು.

1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಅವರು ಪ್ರತ್ಯೇಕ ಆಂಧ್ರಕ್ಕಾಗಿ ಉಪವಾಸ ಮಾಡುತ್ತಲೇ ತೀರಿಕೊಂಡರು. ನಾಲ್ಕೇ ದಿನದಲ್ಲಿ ನೆಹರೂ ಆಂಧ್ರ ರಾಜ್ಯ ಘೋಷಿಸಿದರು. ಘೋಷಣೆ ಸುಲಭ, ಗೆರೆ ಎಳೆಯೋದು ಕಷ್ಟ. ಬಳ್ಳಾರಿ ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ. ಉಳಿದದ್ದು ಒಂದೇ, ಬಳ್ಳಾರಿ ತಾಲೂಕು. ಕುರುಗೋಡು ಆಗ ಇದರೊಳಗೇ ಇತ್ತು.

ಯಾಕೆ ಇದೊಂದೇ ಬಗೆಹರಿಯಲಿಲ್ಲ? ಇವತ್ತಿಗೂ ಬಳ್ಳಾರಿ ಪೇಟೆಗೆ ಹೋಗ್ರಿ. ಕನ್ನಡದಲ್ಲಿ ರೇಟು ಕೇಳ್ತೀವಿ, ತೆಲುಗಿನಲ್ಲಿ ಚೌಕಾಸಿ ಮಾಡ್ತೀವಿ, ಉರ್ದುವಿನಲ್ಲಿ ಚಹಾ ಹೇಳ್ತೀವಿ. ವಕೀಲರಾಗಿದ್ದ ಬಳ್ಳಾರಿ ರಾಘವ ತೆಲುಗು ರಂಗಭೂಮಿಯ ದೊಡ್ಡ ನಟ, ಕನ್ನಡ ನಾಟಕಗಳಲ್ಲೂ ಅಭಿನಯಿಸಿದವರು. ಅಂಥವರನ್ನು ಯಾವ ಕಾಲಂಗೆ ಹಾಕ್ತೀರಿ? ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನು ಈ ಒಂದು ತಾಲೂಕಿಗಾಗಿಯೇ ನೇಮಿಸಬೇಕಾಯಿತು. ಅವರು ಮೈಸೂರಿಗೆ ಅಂದರು. ಅಕ್ಟೋಬರ್ 1ಕ್ಕೆ ಜಾರಿ.

ಹಿಂದಿನ ರಾತ್ರಿ ಊರಲ್ಲಿ ಸಂಭ್ರಮದ ಚಪ್ಪರ ಎದ್ದಿತ್ತು. ಎಲ್ಲರಿಗೂ ಸಂಭ್ರಮ ಅಲ್ಲ. ಆಂಧ್ರಕ್ಕೆ ಸೇರಬೇಕು ಅಂತ ಮನಸಾರೆ ಬಯಸಿದ್ದವರೂ ಇದೇ ಓಣಿಗಳಲ್ಲಿ ಇದ್ದರು, ಅವರ ನೋವೂ ಸುಳ್ಳಲ್ಲ. ಚಪ್ಪರ ಕಾಯುತ್ತಿದ್ದವರು ಪೈಲ್ವಾನ್ ರಂಜಾನ್ ಸಾಬ್. ಅವರ ಮೇಲೆ ಆಸಿಡ್ ತುಂಬಿದ ಬಲ್ಬುಗಳನ್ನು ಎಸೆದರು. ಅದರಿಂದಲೇ ಅವರು ಪ್ರಾಣ ಬಿಟ್ಟರು. ಪೈಲ್ವಾನರ ಜೊತೆ ಗರಡಿಯಲ್ಲಿ ಎದುರು ನಿಲ್ಲುವ ತಾಕತ್ತು ಇಲ್ಲದವರು ಕತ್ತಲಲ್ಲಿ ಮಾಡಿದ ಕೆಲಸ ಅದು, ನಾನಂತೂ ಹಾಗೇ ಹೇಳ್ತೀನಿ. ಕನ್ನಡವೋ ತೆಲುಗೋ ಅನ್ನೋ ಜಗಳದಲ್ಲಿ ಬಳ್ಳಾರಿ ಕಳೆದುಕೊಂಡ ಜೀವದ ಹೆಸರು ರಂಜಾನ್ ಸಾಬ್. ಏಕೀಕರಣದ ಬಗ್ಗೆ ನವೆಂಬರ್ ತಿಂಗಳಿಡೀ ಭಾಷಣ ಕೇಳ್ತೀವಲ್ಲ, ಈ ಹೆಸರು ಎಷ್ಟು ಸಲ ಕೇಳೀರಿ?

(ಕ್ಷಮಿಸಿ, ಇಲ್ಲಿ ಕರೆಂಟ್ ಹೋಯ್ತು, ಮತ್ತೆ ಶುರು ಮಾಡ್ತಿದೀನಿ. ಅಂದಹಾಗೆ ಅಮೆರಿಕದ ಆ್ಯಪಲ್‌ಟನ್ ಊರಲ್ಲಿ ನದಿ ನೀರಿನಿಂದ ಕರೆಂಟ್ ತೆಗೆಯೋ ಸ್ಥಾವರ ಶುರುವಾಗಿದ್ದೂ ಸೆಪ್ಟೆಂಬರ್ 30ಕ್ಕೇ, 1882ರಲ್ಲಿ. ಡ್ಯಾಮ್ ಪಕ್ಕದಲ್ಲೇ ಇಟ್ಕೊಂಡಿರೋ ನಮ್ಮ ಜಿಲ್ಲೆಗೆ ಇದನ್ನ ಯಾರಾದರೂ ತಿಳಿಸ್ರಪ್ಪ.)

ಡ್ಯಾಮ್ ಅಂದಿದ್ದಕ್ಕೆ ಮುಂದಿನ ಕಥೆ. 1953ಕ್ಕೆ ಎಲ್ಲ ಮುಗೀತು ಅಂತ ನೀವು ಅಂದುಕೊಂಡಿರ್ತೀರಿ. ಸರಿಯಾಗಿ ಎರಡು ವರ್ಷಕ್ಕೆ, 1955ರ ಸೆಪ್ಟೆಂಬರ್ 30ರಂದೇ, ಫಜಲ್ ಅಲಿ ಅವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ವರದಿ ಒಪ್ಪಿಸಿತು. ಹೈದರಾಬಾದ್ ಕರ್ನಾಟಕ, ಮುಂಬೈ ಕರ್ನಾಟಕ, ಮೈಸೂರು ಎಲ್ಲ ಒಂದಾಗಬೇಕು ಅಂತ ಬರೆದ ಅದೇ ವರದಿ, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲೂಕುಗಳನ್ನೂ ಡ್ಯಾಮ್ ಇರುವ ಮಲ್ಲಾಪುರದ ತುಂಡನ್ನೂ ಆಂಧ್ರಕ್ಕೆ ಕೊಡಿ ಅಂದಿತು! ಮುಖ್ಯ ಕಾರಣ ತುಂಗಭದ್ರೆ. ಅಣೆಕಟ್ಟು ಇಲ್ಲಿ, ಕಾಲುವೆ ನೀರು ಕಾಯುವ ಬರಗಾಲದ ರಾಯಲಸೀಮೆ ಅಲ್ಲಿ. ಉಳಿದ ಕನ್ನಡನಾಡೆಲ್ಲ ಹೋಳಿಗೆ ತಿನ್ನೋ ಹೊತ್ತಿಗೆ ನಮ್ಮ ಎಲೆ ಎತ್ತಿಬಿಟ್ಟರು ಅಂದಂಗಾಯ್ತು.

ಕೇಂದ್ರ ಸರ್ಕಾರ ಆ ಶಿಫಾರಸು ಒಪ್ಪಲಿಲ್ಲ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯದಲ್ಲೇ ಉಳಿದೆವು. ಕುರುಗೋಡಿನ ದೊಡ್ಡಬಸವಣ್ಣನನ್ನೇ ನೋಡ್ರಿ: ಕೂತ ಜಾಗದಿಂದ ಒಂದಿಂಚು ಅಲ್ಲಾಡದೆ ನಿಜಾಮ, ಕಂಪನಿ, ಮದ್ರಾಸ್, ಮೈಸೂರು, ಕರ್ನಾಟಕ ಎಲ್ಲ ಸುತ್ತಿ ಬಂದಾನ.

ನೀರಿನ ತಕರಾರು ಮಾತ್ರ ಗೆರೆಯಿಂದ ಬಗೆಹರಿಯಲಿಲ್ಲ. ಅದನ್ನು ನೋಡಿಕೊಳ್ಳೋಕೆ 1953ರಲ್ಲೇ ತುಂಗಭದ್ರಾ ಮಂಡಳಿ ಆಯ್ತು, ಈಗಲೂ ಐತೆ. ಬಲದಂಡೆಯ ಕೆಳಮಟ್ಟದ ಕಾಲುವೆ ಸಿರುಗುಪ್ಪದ ಭತ್ತಕ್ಕೆ ನೀರು ಕೊಟ್ಟು, ಗಡಿ ದಾಟಿ ಆದೋನಿ ಕಡೆ ಹೋಗುತ್ತೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಿದ್ದೆಗೆಟ್ಟವರು ಎರಡೂ ಕಡೆ ಇದ್ದರು.

ಆದೋನಿಯಲ್ಲಿ, ರಾಯದುರ್ಗದಲ್ಲಿ ಇವತ್ತಿಗೂ ಮನೆಯಲ್ಲಿ ಕನ್ನಡ ಮಾತಾಡೋರು ಇದ್ದಾರೆ. ನಮ್ಮಲ್ಲಿ ತೆಲುಗು ಮಾತಾಡೋ ಮನೆಗಳು ಇದ್ದಂಗೇ. ಅಕ್ಟೋಬರ್ 1ಕ್ಕೆ ಅವರಿಗೆ ಬದಲಾದ ರಾಜ್ಯದ ಬಗ್ಗೆ ನಾವು ಇಲ್ಲಿ ಚಪ್ಪರ ಹಾಕಿದವರು ಹೆಚ್ಚು ಯೋಚಿಸಿದಂಗೆ ಕಾಣಲ್ಲ.

ಒಂದು ಕೆಲಸ ಮಾಡ್ರಿ. ಆ ಬುಧವಾರ ಹತ್ತು ವರ್ಷದ ಹುಡುಗ-ಹುಡುಗಿ ಆಗಿದ್ದವರಿಗೆ ಈಗ ಎಂಬತ್ತು ದಾಟೈತೆ. ನಿಮ್ಮ ಮನೆಯಲ್ಲಿ ಅಂಥ ಅಜ್ಜ, ಅಮ್ಮಮ್ಮ ಇದ್ದರೆ, ಗಡಿಯ ಈ ಕಡೆಯವರಾಗಲಿ ಆ ಕಡೆಯವರಾಗಲಿ, ಅವತ್ತಿನ ರಾತ್ರಿ ಏನು ನೆನಪೈತೆ ಅಂತ ಕೇಳಿ ವಾಯ್ಸ್ ರೆಕಾರ್ಡ್ ಮಾಡಿ ಕಳಿಸ್ರಿ. ತೆಲುಗಿನಲ್ಲಿ ಹೇಳಿದರೂ ನಡೀತೈತೆ, ಉರ್ದುವೂ ನಡೀತೈತೆ. ಮುಂದಿನ ಬುಧವಾರ ಹಾಕೋಣ.