ಶುಶ್ರೂಷೆ: ಅಶೋಕನ ಶಾಸನಗಳು ಬೋಧಿಸುವ ಕೇಳುವ ಧರ್ಮ

ಶುಶ್ರೂಷೆ ಎಂಬ ಪದವನ್ನು ನಾವಿಂದು ರೋಗಿಗಳ ಆರೈಕೆಗೂ ಹಿರಿಯರ ಸೇವೆಗೂ ಬಳಸುತ್ತೇವೆ. ಅದರ ಮೂಲಾರ್ಥವಾದರೋ ಕೇಳಬೇಕೆಂಬ ಇಚ್ಛೆ. 'ಶ್ರು' ಎಂದರೆ ಕೇಳು. ಆ ಧಾತುವಿನಿಂದಲೇ ಈ ಪದ ಹುಟ್ಟಿತು. ಸೇವೆಗೆ ಕೈ ನೀಡುವ ಮೊದಲು ಕಿವಿ ಕೊಡಬೇಕೆಂಬ ವಿವೇಕ ಈ ಒಂದು ಪದದಲ್ಲಿಯೇ ಅಡಗಿದೆ. ಇದು ಎಷ್ಟು ಪ್ರಾಚೀನವಾದುದೆಂಬುದಕ್ಕೆ ನಮ್ಮ ನಾಡಿನ ಬಂಡೆಗಳೇ ಸಾಕ್ಷಿ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳಿವೆ. ಇವನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಭಕ್ತರಿಗೆ ಸುಪರಿಚಿತವಾದ ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಅದೇ ಅರಸನ ಬರಹವಿದೆ. ತಂದೆತಾಯಿಗಳ ಶುಶ್ರೂಷೆ ಮಾಡಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಬ್ರಹ್ಮಗಿರಿ ಶಾಸನದ ಬೋಧೆ. ಅಲ್ಲಿ ಶುಶ್ರೂಷೆಯೇ ಮೊದಲನೆಯದು.

ಪ್ರಜೆಗಳಿಗೆ ಹೇಳಿದ ಈ ಧರ್ಮವನ್ನು ಅರಸನು ತನಗೂ ವಿಧಿಸಿಕೊಂಡನು. ತಾನು ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ವರದಿಗಾರರು ಬಂದು ಪ್ರಜೆಗಳ ವಿಷಯವನ್ನು ತಿಳಿಸಬಹುದೆಂದು 6ನೆಯ ಬಂಡೆಶಾಸನದಲ್ಲಿ ಆಜ್ಞಾಪಿಸಿದ್ದಾನೆ. ಹಿಂದಿನ ಕಾಲದಲ್ಲಿ ಇಂತಹ ಏರ್ಪಾಡು ಇರಲಿಲ್ಲವೆಂದೂ ಅಲ್ಲಿಯೇ ಹೇಳಿದ್ದಾನೆ. ಇದು ಅವನ ದೃಷ್ಟಿಯಲ್ಲಿ ಔದಾರ್ಯವಾಗಿರಲಿಲ್ಲ. ಜೀವಿಗಳ ಋಣವನ್ನು ತೀರಿಸುವ ಕರ್ತವ್ಯವಾಗಿತ್ತು.

ಕೇಳದಿದ್ದರೆ ಆಗುವ ಅನಾಹುತವನ್ನೂ ಅವನು ಅರಿತಿದ್ದನು. ಕಳಿಂಗದ ಅಧಿಕಾರಿಗಳಿಗೆ ಬರೆಸಿದ ಪ್ರತ್ಯೇಕ ಶಾಸನದಲ್ಲಿ, ನಿಷ್ಕಾರಣವಾಗಿ ಸೆರೆಮನೆ ಸೇರಿ ಬಳಲುವವರನ್ನು ನೆನೆದಿದ್ದಾನೆ. ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯ, ಬಳಲಿಕೆ ಇವು ನ್ಯಾಯವನ್ನು ಕೆಡಿಸುತ್ತವೆಂದು ಎಚ್ಚರಿಸಿದ್ದಾನೆ. ಇವು ಕಿವಿಯನ್ನು ಮುಚ್ಚುವ ದೋಷಗಳೂ ಹೌದು. ಅಧಿಕಾರಿಯೊಬ್ಬನ ಒಂದು ಕ್ಷಣದ ಆತುರವು ನಿರಪರಾಧಿಯ ವರ್ಷಗಳನ್ನೇ ನುಂಗಬಹುದು.

12ನೆಯ ಶಾಸನವು ಮತಧರ್ಮಗಳ ವಿಷಯದಲ್ಲಿ ಇದೇ ತತ್ತ್ವವನ್ನು ವಿಸ್ತರಿಸುತ್ತದೆ. ನಾಲಿಗೆಯನ್ನು ಬಿಗಿಹಿಡಿಯಬೇಕು, ಸಮಯವಲ್ಲದ ಸಮಯದಲ್ಲಿ ಸ್ವಮತವನ್ನು ಹೊಗಳಿ ಪರಮತವನ್ನು ಹಳಿಯಬಾರದು, ಹಾಗೆ ಮಾಡುವವನು ತನ್ನ ಮತಕ್ಕೇ ಹಾನಿ ತರುತ್ತಾನೆ. ಆದುದರಿಂದ ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಕೇಳಲು ಬಯಸಬೇಕು. ಬಯಕೆಯಿಲ್ಲದ ಕೇಳ್ಮೆ ಬರಿಯ ಸದ್ದನ್ನು ಸಹಿಸಿಕೊಂಡಂತೆ.

ಈ ಶಾಸನದ ಒಂದು ಪ್ರತಿ ಕನ್ನಡ ನಾಡಿನಲ್ಲಿಯೇ ದೊರೆಯಿತು. ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯೊಳಗೆ ವಿಗ್ರಹದ ಪೀಠವಾಗಿದ್ದ ಶಿಲಾಫಲಕವೊಂದು 1980ರ ದಶಕದಲ್ಲಿ ಗುರುತಿಗೆ ಬಂದಿತು. ಅದರಲ್ಲಿ 12 ಮತ್ತು 14ನೆಯ ಶಾಸನಗಳೂ, ಮೇಲೆ ಹೇಳಿದ ಪ್ರತ್ಯೇಕ ಶಾಸನವೂ ಇವೆ. ವಿಗ್ರಹವನ್ನು ನಿಲ್ಲಿಸಲು ಕೊರೆದ ರಂಧ್ರದಿಂದ ಕೆಲವು ಅಕ್ಷರಗಳು ನಷ್ಟವಾಗಿವೆ. ಲಿಪಿಯನ್ನು ಬಲ್ಲವರಿಲ್ಲದೆ, ಕೇಳಿರೆಂದು ಸಾರಿದ ಕಲ್ಲೇ ಕೇಳುವವರಿಲ್ಲದೆ ಶತಮಾನಗಳ ಕಾಲ ಮೌನವಾಗಿತ್ತು!

ಅಶೋಕನನ್ನು ನಿರ್ದೋಷಿಯೆಂದು ಚಿತ್ರಿಸುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಕಳಿಂಗ ಯುದ್ಧದಲ್ಲಿ 1,00,000 ಜನ ಹತರಾದರು, 1,50,000 ಜನ ಸೆರೆಯಾಗಿ ಒಯ್ಯಲ್ಪಟ್ಟರು ಎಂದು ಅವನ 13ನೆಯ ಶಾಸನವೇ ಹೇಳುತ್ತದೆ. ಪಶ್ಚಾತ್ತಾಪವನ್ನು ತೋಡಿಕೊಂಡ ಅದೇ ಶಾಸನದಲ್ಲಿ ಅರಣ್ಯವಾಸಿಗಳಿಗೆ ತನ್ನ ಶಕ್ತಿಯನ್ನು ನೆನಪಿಸಿ ಬೆದರಿಸಿದ್ದೂ ಉಂಟು. ಅವನು ಕಿವಿ ತೆರೆದದ್ದು ತಡವಾಗಿ. ತೆರೆದದ್ದೂ ಪೂರ್ಣವಾಗಿ ಅಲ್ಲ. ಆದರೂ ಗೆದ್ದ ಮೇಲೆ ಕೇಳಲು ಕುಳಿತ ಅರಸರು ಚರಿತ್ರೆಯಲ್ಲಿ ವಿರಳ.

ಮಠದ ನೆರಳಿನಲ್ಲಿ ಓದಿ ಇಂದು ಶಾಲೆ, ಕಚೇರಿ, ಅಂಗಡಿ, ಹೊಲಗಳಲ್ಲಿ ದುಡಿಯುತ್ತಿರುವ ನಾವು ಈ ಶಾಸನಗಳನ್ನು ನಮ್ಮ ಬಾಳಿಗೆ ಹಚ್ಚಿ ನೋಡಬೇಕು. ಅರ್ಜಿ ಹಿಡಿದು ಬಂದವನ ಮಾತು ಮುಗಿಯುವ ಮೊದಲೇ ಉತ್ತರವನ್ನು ಸಿದ್ಧಪಡಿಸಿಕೊಂಡಿರುತ್ತೇವೆ. ಮನೆಯಲ್ಲಿ ವೃದ್ಧ ತಂದೆ ಹೇಳಿದ್ದನ್ನೇ ಹೇಳುವಾಗ ಎದ್ದು ಹೋಗುತ್ತೇವೆ. ಔಷಧ, ಅನ್ನ, ಬಟ್ಟೆಗಳನ್ನು ಒದಗಿಸಿದ ಮಾತ್ರಕ್ಕೆ ಅವರ ಶುಶ್ರೂಷೆ ಪೂರ್ತಿಯಾಯಿತೇ? ಬಳಿ ಕುಳಿತು, ಅವರ ಮಾತನ್ನು ಕೊನೆಯವರೆಗೆ ಕೇಳಿದಾಗ ಮಾತ್ರ ಆ ಪದ ತನ್ನ ಅರ್ಥವನ್ನು ಪಡೆಯುತ್ತದೆ.